ಹಲ್ಲು ಕಿತ್ತ ಹುಲಿಗಳ ಬೀದಿ

ಮಾರ್ಚ್ 3, ಸೋಮವಾರ

ಏಳು ಜೊತೆ ಮಸೂರ ಉಜ್ಜಿದೆ. ಒಂದೂ ಒಡೆಯಲಿಲ್ಲ. ಬಲಗಣ್ಣಿನದಕ್ಕೆ ಮೇಣದ ಪೆನ್ಸಿಲಿನಲ್ಲಿ ಒಂದು ಚುಕ್ಕೆ, ಎಡಗಣ್ಣಿನದಕ್ಕೆ ಏನೂ ಇಲ್ಲ. ಪ್ರತಿ ಜೊತೆಯನ್ನೂ ಮೂರು ಸಲ ನೋಡುತ್ತೇನೆ. ಮೊದಲು ಒಂದೇ ಸಲ ನೋಡುತ್ತಿದ್ದೆ... ಮೇಷ್ಟ್ರು ಬೀಳುವ ತನಕ.

ಸಂಜೆ ಧಣಿ ಹಿಂದಿನ ಕೋಣೆಗೆ ಬಂದರು. ಅವರು ಹಿಂದಕ್ಕೆ ಬಂದರೆ ಒಂದೋ ಬೈಗುಳ, ಒಂದೋ ಅರ್ಜೆಂಟ್ ಆರ್ಡರ್. ಇವತ್ತು ಎರಡೂ ಅಲ್ಲ.

"ಹೊಸ ಬ್ರಾಂಚ್ ಓಪನ್ ಮಾಡ್ತಿದೀನಿ. ನಿನ್ನಷ್ಟು ಕೆಲಸ ಬಲ್ಲೋರು ಯಾರೂ ಇಲ್ಲ. ಆದ್ರೆ ನಿನಗೆ ಬಾಯಿಲ್ವಲ್ಲಯ್ಯ! ಕನ್ನಡಕ ಮಾರೋನು ಗಿರಾಕಿ ಮುಖ ನೋಡ್ಬೇಕು. ಏಪ್ರಿಲ್ ಹದಿನೈದರೊಳಗೆ ಕೌಂಟರಲ್ಲಿ ನಿಂತು ತೋರಿಸು. ಇಲ್ಲಾಂದ್ರೆ ಹೊರಗಿನೋರನ್ನ ತರ್ತೀನಿ."

ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಎಕ್ಸ್‌ಪರ್ಟ್.

ಮೂರು ವರ್ಷ ಆಯಿತು. ಮೇಷ್ಟ್ರ ಕನ್ನಡಕದಲ್ಲಿ ಬಲದ ಮಸೂರ ಎಡಕ್ಕೆ, ಎಡದ್ದು ಬಲಕ್ಕೆ ಕೂರಿಸಿದ್ದೆ. ಹಾಕಿಕೊಂಡು ಅಂಗಡಿಯ ಮುಂದಿನ ಮೆಟ್ಟಿಲು ಇಳಿದರು. ಮೂರನೆಯದರ ಮೇಲೆ ಬಿದ್ದರು. ಮಣಿಕಟ್ಟು ಮುರಿಯಿತು. ಅಲ್ಲೇ ಕೂತು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು — "ಎಡ ಯಾವುದು ಬಲ ಯಾವುದು ಗೊತ್ತಿಲ್ದಿರೋ ಕತ್ತೆ ಯಾವುದು ಒಳಗಿರೋದು? ಹೊರಗೆ ಬಾ!"

ಕತ್ತೆ ಹೊರಗೆ ಹೋಗಲಿಲ್ಲ. ಅಂದಿನಿಂದ ಹಿಂದಿನ ಬಾಗಿಲೇ ನನ್ನ ಬಾಗಿಲು.

ಮಾರ್ಚ್ 5, ಬುಧವಾರ

ಅಕ್ಕ ಕೋಚ್ ಹತ್ತಿರ ಕರೆದುಕೊಂಡು ಹೋದಳು. ಕೋಚ್ ಎಂದರೆ ಓಡಿಸುತ್ತಾರೇನೋ ಎಂದು ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗಿದ್ದೆ. ಲಾಂಡ್ರಿಯ ಮೇಲಿನ ಕೋಣೆ, ಎರಡು ಕುರ್ಚಿ, ಒಂದು ಪ್ಲಾಸ್ಟಿಕ್ ಗಿಡ. ಐವತ್ತು ದಾಟಿದ ಹೆಂಗಸು, ಧೈರ್ಯ ಕಲಿಸುವವರು. ಅಕ್ಕನ ಹತ್ತಿರ ಕೋಟು ಹೊಲಿಸುವವರಂತೆ.

"ನಿಮಗೆ ಯಾವುದರ ಭಯ?"

"ಇಲ್ಲ ಅಂತಾರಲ್ಲ... ಅದರದು."

"ಹಂಗಾದ್ರೆ ಕೇಳೋದನ್ನ ಕಲೀರಿ. ವಾರಕ್ಕೆ ಎರಡು ಸಲ, ನಿಮಗೆ ಹಕ್ಕಿಲ್ಲದ್ದು ಏನಾದ್ರೂ ಒಂದನ್ನ ಯಾರನ್ನಾದ್ರೂ ಕೇಳ್ಬೇಕು. ಏನು, ಯಾರನ್ನ, ಯಾವತ್ತು ಅಂತ ನಾನು ಹೇಳ್ತೀನಿ. ಕೇಳೋದಷ್ಟೇ ನಿಮ್ಮ ಕೆಲಸ. ಕೊಡೋದು ಬಿಡೋದು ಅವರಿಗೆ ಬಿಟ್ಟಿದ್ದು."

ಒಂದು ನೋಟ್‌ಬುಕ್ ಕೊಟ್ಟರು. ನಡೆದದ್ದನ್ನು ಅದರಲ್ಲಿ ಬರೆದು ತೋರಿಸಬೇಕು. ಇದು ಆ ಪುಸ್ತಕ ಅಲ್ಲ. ಇದನ್ನು ಯಾರಿಗೂ ತೋರಿಸುವುದಿಲ್ಲ.

ಮಾರ್ಚ್ 8, ಶನಿವಾರ

ಬೇಕರಿಯವನನ್ನು ಕೇಳಬೇಕಿತ್ತು — ಎರಡು ಕಿವಿ ಇರುವ ಬನ್ ಮಾಡಿಕೊಡಿ ಎಂದು. ಆ ಬೇಕರಿಯವನನ್ನು! ಚಿಲ್ಲರೆ ಕೇಳಿದರೆ ಆಸ್ತಿ ಕೇಳಿದ ಹಾಗೆ ನೋಡುವವನು. ಅಂಗಡಿಯ ಮುಂದೆ ನಾಲ್ಕು ಸಲ ಅಡ್ಡಾಡಿದೆ. ಐದನೆಯ ಸಲ ಅವನೇ "ಏನಪ್ಪಾ?" ಎಂದ.

ಕೇಳಿದೆ.

"ಕಿವಿ? ಸರಿ, ಎರಡು ನಿಮಿಷ ನಿಂತ್ಕೋ."

ಎರಡೇ ನಿಮಿಷದಲ್ಲಿ ಬಿಸಿ ಬಿಸಿ ಬನ್, ಎರಡು ಕಿವಿ. ಬೈಯಲಿಲ್ಲ. ನಕ್ಕ! ಅವನಿಗೆ ಹಲ್ಲಿದೆ ಎಂದು ಇವತ್ತೇ ಗೊತ್ತಾದದ್ದು.

ಅಕ್ಕನಿಗೆ ತೋರಿಸಿದೆ. ಹೊಲಿಗೆ ಮೆಷಿನ್ ನಿಲ್ಲಿಸಿ ಕಣ್ಣು ಒರೆಸಿಕೊಂಡಳು. ಒಂದೊಂದು ಕಿವಿ ತಿಂದೆವು.

ಮಾರ್ಚ್ 13, ಗುರುವಾರ

ಲೈಬ್ರರಿಯಲ್ಲಿ ಒಂದು ಪುಟ ಗಟ್ಟಿಯಾಗಿ ಓದಲು ಅನುಮತಿ ಕೇಳಿದೆ. ಕೆಮ್ಮಿದರೂ ಗುರಾಯಿಸುವ ಲೈಬ್ರರಿಯಮ್ಮ, "ಓದಿ, ಓದಿ" ಎಂದರು. ಓದಿದೆ. ಮೂರು ಜನ ಪೇಪರ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಇವತ್ತು ಮುಂದಿನ ಬೀದಿಯಲ್ಲೇ ನಡೆದು ಮನೆಗೆ ಬಂದೆ. ಜನ ಇಷ್ಟು ಒಳ್ಳೆಯವರು ಎಂದು ಗೊತ್ತಿರಲಿಲ್ಲ. ಮೂರು ವರ್ಷ ಯಾರಿಗೆ ಹೆದರಿಕೊಂಡಿದ್ದೆ?

ಮಾರ್ಚ್ 17, ಸೋಮವಾರ

ಕೋಚ್ ಪುಸ್ತಕದಲ್ಲಿ ಇದನ್ನು ಬರೆಯುವುದಿಲ್ಲ.

ಬಸ್ ಶೆಲ್ಟರಿನಲ್ಲಿ ಮೇಷ್ಟ್ರು. ಅದೇ ಮೇಷ್ಟ್ರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದಾರೆ, ಸೊಟ್ಟಗೆ ಕೂತಿದೆ. ಯಾರೂ ಹೇಳಿರಲಿಲ್ಲ, ಕಾಲು ತಾನಾಗಿ ಹೋಯಿತು. ಹೊಸ ಧೈರ್ಯ ತಾನೇ, ಹೊಸ ಚಪ್ಪಲಿ ಇದ್ದ ಹಾಗೆ, ಎಲ್ಲಾ ಕಡೆ ಹಾಕಿಕೊಂಡು ಹೋಗಬೇಕು ಅನಿಸುತ್ತದೆ.

"ಸರ್, ಕನ್ನಡಕ ಕೊಡಿ. ರಿಪೇರಿ ಮಾಡಿಕೊಡ್ತೀನಿ."

ಮೇಲಿಂದ ಕೆಳಗೆ ನೋಡಿದರು. "ಯಾರು ನೀನು?"

"ಎಡ ಬಲ ಅದಲು ಬದಲು ಮಾಡಿದ್ನಲ್ಲ ಸರ್. ನಾನೇ."

"ಓಹೋ, ಕತ್ತೆ ಹೊರಗೆ ಬಂತಾ? ಇಲ್ಲ. ಕೊಡಲ್ಲ. ಇನ್ನೊಂದು ಕೈ ಮುರೀಬೇಕಾ ನಂದು?"

ನಾಲ್ಕು ಜನ ನೋಡಿದರು. ಕಿವಿ ಬಿಸಿಯಾಯಿತು. ಆದರೆ ಓಡಲಿಲ್ಲ. ಅವರ ಬಸ್ ಬರುವವರೆಗೆ ಪಕ್ಕದಲ್ಲೇ ನಿಂತಿದ್ದೆ.

ಇಷ್ಟು ದಿನದಲ್ಲಿ ಸಿಕ್ಕ ಮೊದಲ 'ಇಲ್ಲ'. ಕೋಚ್‌ಗೆ ಹೇಳಿದರೆ ಬೇಸರ ಮಾಡಿಕೊಂಡಾರು.

ಮಾರ್ಚ್ 22, ಶನಿವಾರ

ಕೌಂಟರ್!!

ಕೋಚ್ ಹೇಳಿದಂತೆ ನಿನ್ನೆ ಧಣಿಯನ್ನು ಕೇಳಿದ್ದೆ — "ಶನಿವಾರ ಒಂದು ದಿನ ಮುಂದೆ ನಿಲ್ಲಲಾ?" "ನಿಲ್ಲು" ಎಂದುಬಿಟ್ಟರು. ಆರು ಜನ ಗಿರಾಕಿಗಳು. ಒಬ್ಬಾಕೆ, "ನೀವು ಎಷ್ಟು ಚೆನ್ನಾಗಿ ವಿವರಿಸ್ತೀರಿ!" ಎಂದರು. ಧಣಿ ಹೆಗಲು ತಟ್ಟಿದರು.

ಬ್ರಾಂಚಿನ ಬೋರ್ಡಿಗೆ ಯಾವ ಬಣ್ಣ ಚೆನ್ನ ಎಂದು ಅಕ್ಕನನ್ನು ಕೇಳಿದೆ. "ನಿನಗಿಷ್ಟವಾದದ್ದು" ಎಂದಳು. ತಲೆ ಎತ್ತಲಿಲ್ಲ, ಸೂಜಿಗೆ ದಾರ ಪೋಣಿಸುತ್ತಿದ್ದಳು.

ಮಾರ್ಚ್ 25, ಮಂಗಳವಾರ, ಬೆಳಿಗ್ಗೆ 11

ಮುಂದಿನ ಟಾಸ್ಕ್ ಕ್ಷೌರದವನದು. ಅವನ ಗಡ್ಡ ನಾನು ಕೆರೆಯಲಾ ಎಂದು ಕೇಳಬೇಕು. ಕೋಚ್ ನಾಳೆ ಎಂದಿದ್ದರು. ನಾಳೆ ಆರ್ಡರ್ ಜಾಸ್ತಿ, ಅದಕ್ಕೆ ಇವತ್ತೇ ಹೋದೆ. ಸೀದಾ ಒಳಗೆ ನುಗ್ಗಿ, ಎದೆಯುಬ್ಬಿಸಿ ಕೇಳಿದೆ.

ಕತ್ತರಿ ನಿಲ್ಲಿಸಿ ಗೋಡೆಯ ಕ್ಯಾಲೆಂಡರ್ ನೋಡಿದ.

"ನೀನು ಬರಬೇಕಾದ್ದು ನಾಳೆ ಅಲ್ವೇನೋ? ಕೋಚಮ್ಮ ಬುಧವಾರ ಅಂದಿದ್ರು. ಇವತ್ತು ಬ್ಲೇಡೂ ಮೊಂಡಾಗಿದೆ ಮಾರಾಯ..."

ಆಮೇಲೆ ಅವನಿಗೂ ಅರ್ಥವಾಯಿತು. ಬಾಯಿಗೆ ಕೈ ಅಡ್ಡ ಹಿಡಿದ. ಕುರ್ಚಿಯಲ್ಲಿ ಅರ್ಧ ತಲೆ ಕತ್ತರಿಸಿಕೊಂಡು ಕೂತಿದ್ದವನು ಕನ್ನಡಿಯಲ್ಲಿ ನನ್ನನ್ನು ನೋಡಿದ.

ಎರಡು ನಿಮಿಷದಲ್ಲಿ ಯಾವ ಒಲೆಯಲ್ಲಿ ಬನ್ ಬೇಯುತ್ತದೆ? ಅವತ್ತೇ ಯೋಚಿಸಬಾರದಿತ್ತೇ ನಾನು.

ಅದೇ ದಿನ, ಮಧ್ಯಾಹ್ನ

ಅಕ್ಕನನ್ನು ಕೇಳಿದೆ. ಮೆಷಿನ್ ತುಳಿಯುತ್ತಲೇ ಇದ್ದಳು. ನಾನೇ ಚಕ್ರ ಹಿಡಿದು ನಿಲ್ಲಿಸಿದೆ.

"ಬೇಕರಿ?"

"ಹೂಂ. ನಾನೇ ಹೋಗಿ ಹೇಳಿದ್ದೆ."

"ಲೈಬ್ರರಿ? ಆ ಚಪ್ಪಾಳೆ?"

"ಅವರಿಗೆ ಕೋಚ್ ಹೇಳಿದ್ರು."

"ಧಣಿ?"

ಬಟ್ಟೆಯ ಮಡಿಕೆ ಸರಿಮಾಡತೊಡಗಿದಳು.

"ಅಕ್ಕಾ, ಧಣಿಗೂ ಹೇಳಿದ್ಯಾ?"

"ಒಂದು ಶನಿವಾರ ನಿಲ್ಲಿಸಿ ನೋಡಿ ಅಂತ ಕೈ ಮುಗಿದೆ. ಗಿರಾಕಿಗಳಲ್ಲಿ ಇಬ್ರು ನನ್ನೋರೇ." ಆಮೇಲೆ ಜೋರಾಗಿ, "ಮತ್ತೇನ್ ಮಾಡ್ಲಿ? ಮೂರು ವರ್ಷ ನೀನು ಹಿಂದಿನ ಬಾಗಿಲಲ್ಲಿ ಕಳ್ಳನ ಥರ ಓಡಾಡ್ತಿದ್ದೆ. ನೋಡೋಕಾಗ್ತಿರ್ಲಿಲ್ಲ ಕಣೋ!"

"ಮೇಷ್ಟ್ರಿಗೂ ನೀನೇ ಹೇಳಿಕೊಟ್ಯಾ? ಬೈರಿ ಅಂತ?"

"ಮೇಷ್ಟ್ರಾ? ಅವರೆಲ್ಲಿ ಸಿಕ್ಕಿದ್ರು ನಿನಗೆ?"

ಅವಳ ಮುಖ ನೋಡಿದೆ. ನಿಜವಾಗಿಯೂ ಗೊತ್ತಿಲ್ಲ.

ಮೇಲೆ ಬಂದು ಕೋಣೆಯ ಬಾಗಿಲು ಹಾಕಿಕೊಂಡೆ.

ಮಾರ್ಚ್ 26, ಬುಧವಾರ

ಚಿಕ್ಕವನಿದ್ದಾಗ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ರಾಜನಿಗೆ ಒಬ್ಬ ಪುಕ್ಕಲು ಮಗ. ಹುಲಿ ಹೊಡೆಯದೆ ಪಟ್ಟ ಇಲ್ಲ. ಮಂತ್ರಿ ಏನು ಮಾಡಿದ? ಹುಲಿಗಳನ್ನು ಹಿಡಿಸಿ, ಹಲ್ಲು ಕೀಳಿಸಿ, ಪೊದೆಗೊಂದರಂತೆ ಕಟ್ಟಿಸಿದ. ಹುಡುಗ ಮೀಸೆ ತಿರುವಿಕೊಂಡು ಒಂದೊಂದೇ ಹೊಡೆದುಕೊಂಡು ಬಂದ. ಊರೆಲ್ಲಾ ಜೈಕಾರ. ನಾನೂ ಅಕ್ಕನೂ ಉರುಳಾಡಿ ನಗುತ್ತಿದ್ದೆವು.

ಆ ಹುಡುಗನಿಗೆ ಗೊತ್ತಾದ ದಿನ ಏನಾಯಿತು ಎಂದು ಅಜ್ಜಿ ಹೇಳಲೇ ಇಲ್ಲ. ನಾವೂ ಕೇಳಲಿಲ್ಲ.

ಮಾರ್ಚ್ 28, ಶುಕ್ರವಾರ

ಲಾಂಡ್ರಿ ಮೆಟ್ಟಿಲು ಹತ್ತಿ, ನೋಟ್‌ಬುಕ್ಕನ್ನು ಕೋಚ್ ಮುಂದೆ ಇಟ್ಟೆ.

"ಕೋಪ ಬಂದಿದೆ. ಬರಲಿ," ಎಂದರು. "ಮಗು ನಡೆಯೋಕೆ ಕಲಿಯುವಾಗ ಹಿಂದಿಂದ ಕೈ ಹಿಡಿಯಲ್ವಾ?"

"ಹಿಡಿದಿರೋದು ಮಗುಗೆ ಗೊತ್ತಿರುತ್ತೆ ಮೇಡಂ. ನೀವು ಮಗುಗೆ ಸುಳ್ಳು ಹೇಳಿ ಹಿಡಿದ್ರಿ. ಬೀದಿಯೋರೆಲ್ಲ ಸೇರ್ಕೊಂಡು ಹಿಡಿದ್ರಿ. ಇನ್ನು ಯಾರಾದ್ರೂ ಹೂಂ ಅಂದ್ರೆ ನಾನು ಹೆಂಗೆ ನಂಬಲಿ?"

ಗಿಡದ ಎಲೆಯ ಧೂಳು ಒರೆಸುತ್ತಾ ನಕ್ಕರು. "ನೋಡಿ, ಎಷ್ಟು ಚೆನ್ನಾಗಿ ಮಾತಾಡಿದ್ರಿ! ಒಂದು ತಿಂಗಳ ಹಿಂದೆ ಆಗ್ತಿತ್ತಾ?"

ನನ್ನ ಕೋಪವನ್ನೂ ತಮ್ಮ ಗೆಲುವಿಗೆ ಸೇರಿಸಿಕೊಂಡುಬಿಟ್ಟರು. ಅದಕ್ಕೇ ಮೈ ಉರಿದದ್ದು. ಅವರು ಹೇಳಿದ್ದು ಸುಳ್ಳೂ ಅಲ್ಲವಲ್ಲ, ಅದಕ್ಕೆ ಇನ್ನೂ ಹೆಚ್ಚು.

ಏಪ್ರಿಲ್ 7, ಸೋಮವಾರ

ಹತ್ತು ದಿನ ಬರೆಯಲಿಲ್ಲ. ಹಿಂದಿನ ಬಾಗಿಲು, ಮಸೂರ, ಮನೆ. ಅಕ್ಕ ತಟ್ಟೆ ಮುಚ್ಚಿಟ್ಟು ಹೋಗುತ್ತಾಳೆ. ತಿಂದು ತೊಳೆದಿಡುತ್ತೇನೆ. ಅಷ್ಟೇ ನಮ್ಮ ಮಾತುಕತೆ.

ಬೇಕರಿಯವನು ಕರೆದು ಬನ್ ಕೊಡಲು ಬಂದ. "ಕಿವಿ ಇಲ್ಲಪ್ಪಾ, ಮಾಮೂಲಿದು," ಎಂದ. ತೆಗೆದುಕೊಳ್ಳಲಿಲ್ಲ. ಪಾಪ, ಅವನ ಮುಖ ಸಣ್ಣಗಾಯಿತು.

ಧಣಿಯನ್ನು ಕೇಳಿದೆ, "ಅಕ್ಕ ಬರದೇ ಇದ್ದಿದ್ರೆ ಶನಿವಾರ ನಿಲ್ಲಿಸ್ತಿದ್ರಾ?"

ಗಲ್ಲ ಕೆರೆದುಕೊಂಡರು. "ಸುಳ್ಯಾಕೆ ಹೇಳ್ಲಿ. ಇಲ್ಲ."

"ಈಗ?"

"ಹದಿನೈದರ ತನಕ ಟೈಮ್ ಕೊಟ್ಟಿದೀನಲ್ಲ. ನಿನ್ನಿಷ್ಟ."

ಆ 'ಇಲ್ಲ' ಕೇಳಿ ಒಂಥರಾ ಸಮಾಧಾನ. ಹದಿನೈದು ದಿನದಲ್ಲಿ ನಂಬಿದ ಮೊದಲ ಮಾತು ಅದು.

ಏಪ್ರಿಲ್ 9, ಬುಧವಾರ

ಬಸ್ ಶೆಲ್ಟರಿಗೆ ಹೋದೆ. ಮೇಷ್ಟ್ರು ಇದ್ದರು. ಮತ್ತೆ ಕೇಳಿದೆ.

"ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ ನಿನಗೆ? ಇಲ್ಲ!"

"ಸರಿ ಸರ್. ನಾಳೆ ಕೇಳ್ತೀನಿ."

ಏಪ್ರಿಲ್ 10, ಗುರುವಾರ

ಇಲ್ಲ.

ಏಪ್ರಿಲ್ 11, ಶುಕ್ರವಾರ

ಇಲ್ಲ. ಆದರೆ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟರು.

ಏಪ್ರಿಲ್ 12, ಶನಿವಾರ, ಮಧ್ಯಾಹ್ನ 12

ಬೇಗ ಬರೆಯಬೇಕು. ಇವತ್ತು ಯಾರನ್ನೂ ಕೇಳದೆ ಮುಂದಿನ ಬಾಗಿಲಿನಿಂದ ಒಳಗೆ ಬಂದು ಕೌಂಟರಿನಲ್ಲಿ ನಿಂತೆ. ಧಣಿ ನೋಡಿದರು, ತಮ್ಮ ಕುರ್ಚಿ ಪಕ್ಕಕ್ಕೆ ಎಳೆದುಕೊಂಡರು.

ಹತ್ತೂವರೆಗೆ ಮೇಷ್ಟ್ರು. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನನ್ನ ಬಾಯಿಂದ ಮೊದಲು ಬಂದದ್ದು 'ಬನ್ನಿ' ಅಲ್ಲ.

"ನಮ್ಮಕ್ಕ ಕಳಿಸಿದ್ಲಾ?"

"ನಿಮ್ಮಕ್ಕ ಯಾರಯ್ಯಾ? ನನ್ನನ್ನ ಕಳಿಸೋರು ಇನ್ನೂ ಹುಟ್ಟಿಲ್ಲ. ದಿನಾ ಬಂದು ತಲೆ ತಿಂತೀಯಲ್ಲ, ಅದಕ್ಕೆ ಬಂದೆ. ನನ್ನ ಕಣ್ಣೆದುರೇ ಮಾಡ್ಬೇಕು. ಒಳಗೆ ತಗೊಂಡು ಹೋಗಂಗಿಲ್ಲ."

ಹಿಂದಿನ ಕೋಣೆಯಿಂದ ಸಾಮಾನೆಲ್ಲ ಮುಂದಕ್ಕೆ ತಂದೆ. ಕಡ್ಡಿ ಬದಲಿಸಿದೆ. ಗೀರು ಬಿದ್ದ ಮಸೂರ ತೆಗೆದು ಹೊಸದು ಕೂರಿಸಿದೆ. ಬಲಕ್ಕೆ ಚುಕ್ಕೆ. ಮೂರು ಸಲ ನೋಡಿದೆ. ನಾಲ್ಕನೆಯ ಸಲ ಮೇಷ್ಟ್ರೇ ನೋಡಿದರು. ಕಿಟಕಿಯಾಚೆ ಬೇಕರಿಯವನು, ಕ್ಷೌರದವನು. ಅವರ ಹಿಂದೆ ಟೇಪು ಕೊರಳಲ್ಲಿ ನೇತುಹಾಕಿಕೊಂಡೇ ಓಡಿ ಬಂದ ಅಕ್ಕ. ಅವಳ ಕಡೆ ನೋಡಲಿಲ್ಲ. ಇನ್ನೂ ಆಗುತ್ತಿಲ್ಲ.

ಕನ್ನಡಕ ಹಾಕಿಕೊಂಡು ಮೇಷ್ಟ್ರು ಬಾಗಿಲಿಗೆ ಹೋದರು. ನನ್ನ ಕೈ ತಾನಾಗಿ ಅವರ ಬೆನ್ನ ಹಿಂದೆ ಚಾಚಿತ್ತು. ಹಿಂದಕ್ಕೆ ಎಳೆದುಕೊಂಡೆ.

"ಸರ್, ಕೈ ಹಿಡೀಲಾ?"

"ಬೇಡ."

ಮೊದಲ ಮೆಟ್ಟಿಲು ಇಳಿದರು. ಎರಡನೆಯದು. ಮೂರನೆಯದರ ಮೇಲೆ ನಿಂತು, ನನ್ನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು — "ಎಡ ಎಡಕ್ಕಿದೆ, ಬಲ ಬಲಕ್ಕಿದೆ ಕಣೋ ಕತ್ತೆ!"

ಕೌಂಟರಿನ ಗಂಟೆ. ಯಾರೋ ಗಿರಾಕಿ. ಹೋಗಬೇಕು