ಬೆಂಚಿನ ಇನ್ನೊಂದು ತುದಿ

ರುಸಾಪೆ,
ಅಕ್ಟೋಬರ್ 14

ನನ್ನ ಶುವಾಯಿ,

ಚೆನ್ನಾಗಿ ಮಲಗಿದ್ದೆಯಾ? ನೀನು ಮಲಗಿದ್ದರೆ ನಾನೂ ಮಲಗಿದ್ದೇನೆ.

ವಾರಕ್ಕೊಮ್ಮೆ ಫೋನಿನಲ್ಲಿ ನಾವಿಬ್ಬರೂ ಹೇಳಿಕೊಳ್ಳುವುದು ಇಷ್ಟೇ ತಾನೆ? ಬೆಳಗಿನ ಈ ಮಾತನ್ನು ಕಟ್ಟಿದ ನಮ್ಮ ಹಿರಿಯರು ಬಲು ಜಾಣರು. ಕೇಳಿದವರಿಗೆ ಉತ್ತರ ಸಿಕ್ಕಂತೆಯೂ ಆಯಿತು, ಹೇಳಿದವರು ಏನೂ ಹೇಳದಂತೆಯೂ ಆಯಿತು. ಆಮೇಲೆ ನೀನು ಮಳೆ ಬಂತಾ ಎನ್ನುತ್ತೀ, ನಾನು ಇನ್ನೂ ಇಲ್ಲ ಎನ್ನುತ್ತೇನೆ, ಫೋನ್ ಇಟ್ಟುಬಿಡುತ್ತೇವೆ. ಏಳು ವರ್ಷ ಹೀಗೇ ಕಳೆದುಹೋಯಿತು. ಅದಕ್ಕೇ ಈ ಕಾಗದ. ನಿನ್ನ ದನಿ ಕಿವಿಗೆ ಬಿದ್ದರೆ ನನ್ನ ಬಾಯಿಗೆ ಮತ್ತೆ ಸುಳ್ಳೇ ಬರುತ್ತದೆ.

ನಿನ್ನ ಗಂಡ ಫೋನ್ ಮಾಡಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಹೆಂಡತಿಯ ತಾಯಿಯ ಜೊತೆ ನೇರವಾಗಿ ಮಾತಾಡುವುದು ನಮ್ಮ ಅಳಿಯಂದಿರಿಗೆ ಎಷ್ಟು ಸಂಕೋಚ ಎಂದು ನಿನಗೇ ಗೊತ್ತು. ಪಾಪ, ಗಾರಿಕಾಯಿ ಬುಲವಾಯೊದ ಬಿಸಿಲನ್ನೇ ಹತ್ತು ನಿಮಿಷ ವರ್ಣಿಸಿದ. ಕೊನೆಗೆ ಒಂದೇ ಉಸಿರಿಗೆ ಹೇಳಿಬಿಟ್ಟ: “ಅಮ್ಮಾ, ಅವಳಿಗೆ ಐದು ತಿಂಗಳು. ಹೊಲಿಗೆ ಮಷೀನು ನಿಲ್ಲಿಸಿ ನಿಲ್ಲಿಸಿ ಕಿವಿಗೊಟ್ಟು ಕೂತ್ಕೋತಾಳೆ. ಅಳು ಕೇಳಿಸತ್ತಂತೆ. ಈ ಮಗು ಅತ್ರೆ ಅದು ನಿಜವಾಗ್ಲೂ ಅಳ್ತಿದೆಯಾ ಇಲ್ವಾ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಅಂತಾಳೆ. ಬಾ, ಯಾರ ಹತ್ರನಾದ್ರೂ ಮಾತಾಡೋಣ ಅಂದ್ರೆ, ನಮ್ಮಮ್ಮನೇ ಅದು ಕನಸು ಅಂದ್ಲು, ಇನ್ನು ಬೇರೆಯವ್ರು ಏನು ಹೇಳ್ತಾರೆ ಅಂತಾಳೆ.”

ಐದು ತಿಂಗಳ ಬಸುರಿ ಎಂಬುದನ್ನು ನನಗೆ ನೀನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳುವ ಮುಖ ನನಗಿಲ್ಲ.

ನಾನೂ ನಿನಗೊಂದು ವಿಷಯ ಹೇಳಿಲ್ಲ. ಎರಡು ವರ್ಷದಿಂದ ನಾನು ಆಸ್ಪತ್ರೆಯ ಅಂಗಳದಲ್ಲಿ ಬೆಂಚಿನ ಅಜ್ಜಿಯಾಗಿದ್ದೇನೆ. ನಗಬೇಡ. ಜಕರಂಡ ಮರದ ಕೆಳಗೊಂದು ಮರದ ಬೆಂಚು. ಯೋಚನೆ ಅತಿಯಾಗಿ ಊಟ, ನಿದ್ದೆ ಬಿಟ್ಟವರು ಬಂದು ಒಂದು ತುದಿಯಲ್ಲಿ ಕೂರುತ್ತಾರೆ, ಇನ್ನೊಂದು ತುದಿಯಲ್ಲಿ ನಾನು. ಯಾರನ್ನೂ ಒಂದು ವಾಕ್ಯ ಪೂರ್ತಿ ಮಾಡಲು ಬಿಡದ ನಿನ್ನ ಅಮ್ಮನಿಗೆ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಸಲು ನರ್ಸಮ್ಮನಿಗೆ ಸಾಕುಸಾಕಾಗಿಹೋಯಿತು. ಮೊದಲು ಕೇಳಬೇಕು. ಅವರ ಕಷ್ಟಗಳಲ್ಲಿ ಒಂದನ್ನು ಅವರೇ ಆರಿಸಿಕೊಳ್ಳಬೇಕು. ಅದಕ್ಕೆ ನಾಳೆ ಮಾಡಬಹುದಾದ ಒಂದು ಸಣ್ಣ ಕೆಲಸವನ್ನೂ ಅವರೇ ಹೇಳಬೇಕು. ನಾವು ಉಪದೇಶ ಮಾಡುವ ಹಾಗಿಲ್ಲ. ಅಳಬೇಡ ಎನ್ನುವ ಹಾಗಂತೂ ಇಲ್ಲವೇ ಇಲ್ಲ. ಅದನ್ನು ಕೇಳಿದ ದಿನ ಮನೆಗೆ ಬಂದು ಸಾಡ್ಜಾ ತಿರುವುತ್ತಾ ಹಾಗೇ ನಿಂತುಬಿಟ್ಟೆ. ಮುದ್ದೆ ತಳಹತ್ತಿತು. ಆ ಮಾತನ್ನು ನಿನಗೆ ಎಷ್ಟು ಸಲ ಹೇಳಿದ್ದೆ ಎಂದು ಲೆಕ್ಕ ಸಿಗಲಿಲ್ಲ.

ಈಗ ಹೂ ಉದುರುವ ಕಾಲ. ಮಧ್ಯಾಹ್ನ ಯಾರೂ ಇಲ್ಲದಾಗ ಬೆಂಚು, ನೆಲ, ನನ್ನ ಮಡಿಲು ಎಲ್ಲ ನೀಲಿಯಾಗುತ್ತದೆ. ಬಿಸಿಲಿಗೆ ಕಣ್ಣು ತೂಗುತ್ತದೆ. ಆಗ ಬೆಂಚಿನ ಆ ತುದಿ ಸ್ವಲ್ಪ ತಗ್ಗಿದಂತಾಗುತ್ತದೆ, ಯಾರೋ ಮೆಲ್ಲಗೆ ಕೂತ ಹಾಗೆ. ನೋಡಿದರೆ ನೀನು. ಒಮ್ಮೆ ಏಳು ವರ್ಷದವಳು, ಕಾಲು ನೆಲಕ್ಕೆ ತಾಗುವುದಿಲ್ಲ. ಒಮ್ಮೆ ತುಂಬು ಹೊಟ್ಟೆಯವಳು. ಹೂವನ್ನು ಬೆರಳ ತುದಿಗೆ ಟೊಪ್ಪಿಯ ಹಾಗೆ ತೊಡಿಸುತ್ತಾ ಕೂತಿರುತ್ತೀ. ನಾನು ಕೇಳಬೇಕು, ಅದು ನನ್ನ ಕೆಲಸ. ಕೇಳುವಷ್ಟರಲ್ಲಿ ಎಚ್ಚರವಾಗುತ್ತದೆ. ಆ ತುದಿಯಲ್ಲಿ ಹೂ ಮಾತ್ರ ಬಿದ್ದಿರುತ್ತದೆ.

ಹೋದ ತಿಂಗಳು ನ್ಯಾರಾಯಿ ಎಂಬ ಹುಡುಗಿ ಬಂದಳು. ನಿನ್ನ ಹಾಗೆಯೇ ತೆಳ್ಳಗಿನ ಮಣಿಕಟ್ಟು. ಹುಟ್ಟಿದ ಮಗು ಉಳಿಯಲಿಲ್ಲ. ಮನೆಯ ಮುದುಕಿಯರು ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಹೊಳೆದಡದ ತಂಪು ಮಣ್ಣಿನಲ್ಲಿ ಇಟ್ಟುಬಂದರು. ಸಾವಿನ ಕೂಟವಿಲ್ಲ, ಹಾಡಿಲ್ಲ, ತಾಯಿ ಜೊತೆಗೆ ಹೋಗುವಂತಿಲ್ಲ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹೀಗೇ ತಾನೆ? ಅವಳಿಗೆ ಗಂಡನ ಕುಡಿತದಿಂದ ಹಿಡಿದು ನೂರೆಂಟು ಕಷ್ಟ. ಅಷ್ಟರಲ್ಲಿ ಅವಳು ಆರಿಸಿಕೊಂಡದ್ದು ಒಂದೇ. “ಅಜ್ಜಿ, ಎಲ್ಲಿ ಇಟ್ಟಿದ್ದಾರೆ ಅಂತ ಯಾರೂ ಹೇಳ್ತಿಲ್ಲ. ನೀರಿಗೆ ಹೋದಾಗೆಲ್ಲ ಎಲ್ಲಿ ಕಾಲಿಡ್ಲಿ ಅಂತ ಭಯ ಆಗತ್ತೆ.”

ನಾನು ಕೇಳಿದೆ, ಮತ್ತೇನು ಮಾಡ್ತೀಯಮ್ಮಾ ಎಂದು. “ನಮ್ಮತ್ತೇನ ಕೇಳ್ತೀನಿ” ಎಂದಳು. ಮುಂದಿನ ವಾರ ಬಂದಾಗ ಅವಳ ಚಪ್ಪಲಿಗೆ ಹೊಳೆಯ ಕೆಸರು ಮೆತ್ತಿಕೊಂಡಿತ್ತು. ಅತ್ತೆಯೇ ಕೈಹಿಡಿದು ಕರೆದುಕೊಂಡು ಹೋದಳಂತೆ. ಇಬ್ಬರೂ ಅತ್ತರಂತೆ. “ಆಮೇಲೆ ಹಸಿವಾಯ್ತು ಅಜ್ಜಿ, ಎಷ್ಟು ದಿನದ ಮೇಲೆ” ಎಂದಳು. ನಾನು ಚೀಲದಲ್ಲಿದ್ದ ಗೆಣಸನ್ನು ಅವಳಿಗೆ ಕೊಟ್ಟೆ.

ಶುವಾಯಿ, ಈಗ ನಾನು ಹೇಳುತ್ತೇನೆ. ಮೊದಲ ಹೆರಿಗೆಗೆ ತವರಿಗೆ ಬಂದವಳು ನೀನು. ಎರಡು ತಿಂಗಳು ಮೊದಲೇ, ಆಸ್ಪತ್ರೆಗೆ ಒಯ್ಯುವ ಗಾಡಿ ಬರುವ ಮುಂಚೆ, ಬೆಳಕು ಹರಿಯುವಾಗ ಅವನು ಹುಟ್ಟಿದ. ಹೌದು, ಗಂಡು. ತಲೆ ತುಂಬ ಕೂದಲು, ನಿನ್ನಪ್ಪನ ಕಿವಿ. ನೀನು ಹೆಣೆದಿದ್ದ ಹಳದಿ ಟೊಪ್ಪಿ ಅವನಿಗೆ ದೊಡ್ಡದಾಯಿತು, ಆದರೂ ಹಾಕಿದೆ. ಸೇತುವೆ ದಾಟಿ ಎಡಕ್ಕೆ ತಿರುಗಿದರೆ ದನ ನೀರು ಕುಡಿಯುವ ಜಾಗವಿದೆಯಲ್ಲ, ಅಲ್ಲಿಂದ ಮೇಲೆ ಎರಡು ನೇರಳೆ ಮರ ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಅವುಗಳ ಬುಡದಲ್ಲಿ, ಹೊಳೆಯ ಕಡೆಗೆ. ಅಲ್ಲಿ ಬೇಸಿಗೆಯಲ್ಲೂ ಮಣ್ಣು ತಂಪು. ನಾನು ಏಳು ವರ್ಷದಿಂದ ಹೋಗುತ್ತಿದ್ದೇನೆ. ಬಟ್ಟೆ ಒಗೆಯುವ ನೆಪ ಮಾಡಿಕೊಂಡು ಹೋಗಿ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದು ಬರುತ್ತೇನೆ.

ಇದನ್ನು ಬರೆಯುತ್ತೇನೆ ಎಂದಾಗ ನಿನ್ನ ಸೋದರತ್ತೆ ಸೆಕಾಯಿ ಹಾರಾಡಿದಳು. ಆ ದಿನ ಗುಂಡಿ ತೋಡಿದವಳು ಅವಳೇ. “ಊರವರ ಬಾಯಿ ಬಿಡಿಸ್ತಾ ಬಿಡಿಸ್ತಾ ನಿನ್ನ ಬಾಯಿಗೂ ಬೀಗ ಇಲ್ದಂಗಾಯ್ತು ನೋಡು. ಬಸುರಿ ಹುಡುಗಿಗೆ ಹೇಳೋ ಮಾತಾ ಇದು?” ಎಂದಳು. ನಾನು ನರ್ಸಮ್ಮ ಕಲಿಸಿದಂತೆ ಸುಮ್ಮನೆ ಕೂತೆ. ಸುಮ್ಮನಿದ್ದರೆ ಎಂಥವರೂ ಕರಗುತ್ತಾರೆ. ಸ್ವಲ್ಪ ಹೊತ್ತಿಗೆ ಅವಳೇ, “ಆ ಮಗೂನ ಎತ್ಕೊಂಡು ಹೋದ್ನಲ್ಲ, ನನ್ನ ತೋಳಲ್ಲಿ ಇನ್ನೂ ಆ ಭಾರ ಇದೆ ಕಣೇ” ಎಂದು ಸೊಂಟಕ್ಕೆ ಸುತ್ತಿದ ಬಟ್ಟೆಯ ತುದಿಯಲ್ಲಿ ಮುಖ ಒರೆಸಿಕೊಂಡಳು. ಬರುವುದಾದರೆ ಈ ತಿಂಗಳೇ ಬಾ ಎಂದು ಹೇಳಲು ಹೇಳಿದ್ದಾಳೆ. ನವೆಂಬರ್ ನಮಗೆ ನಿಷಿದ್ಧದ ತಿಂಗಳು, ಅದು ಹುಟ್ಟಿತೆಂದರೆ ತೀರಿಹೋದ ಹಿರಿಯರಿಗೆ ಸಲ್ಲಿಸುವ ಕೆಲಸ ಯಾವುದನ್ನೂ ಮಾಡುವಂತಿಲ್ಲವಲ್ಲ.

ಬಾ ಮಗಳೇ. ಹೊಳೆಗೆ ಹೋಗಿ ಬಂದ ಮೇಲೆ ಇಬ್ಬರೂ ಬೆಂಚಿಗೆ ಹೋಗೋಣ. ಅಂದು ಅಜ್ಜಿಯ ತುದಿಯಲ್ಲಿ ನೀನು ಕೂರು. ಕಷ್ಟ ಹೇಳುವವರ ತುದಿಯಲ್ಲಿ ನಾನು ಕೂರುತ್ತೇನೆ. ನೀನು ಕೇಳು. ಎಷ್ಟು ಹೊತ್ತಾದರೂ ಕೇಳು.

ನೀನು ಆ ಬೆಳಿಗ್ಗೆ ಕೇಳಿದ ಪ್ರಶ್ನೆಯನ್ನು ಮಾತ್ರ ನಾನಿನ್ನೂ ಮುಟ್ಟಿಲ್ಲ, ನನಗೆ ಗೊತ್ತು. ಎರಡು ಸಲ ಬರೆದು ಹರಿದೆ. ನೀನು ಬಂದಾಗ ಎದುರೆದುರೇ ಹೇಳುತ್ತೇನೆ.

ಏಳು ವರ್ಷದಿಂದ ಸರಿಯಾಗಿ ಮಲಗದ,
ನಿನ್ನ ಅಮ್ಮ

ಕೊನೆಗೆ ಸೇರಿಸಿದ್ದು: ಲಕೋಟೆಗೆ ಅಂಟು ಹಚ್ಚಿಯಾಗಿತ್ತು, ಮತ್ತೆ ಬಿಚ್ಚಿದೆ. ನೀನು ಬರುವವರೆಗೆ ಕಾಯುವುದು ತಪ್ಪು. ಅಷ್ಟರಲ್ಲಿ ನೀನು ಇನ್ನೆಷ್ಟು ಸಲ ಮಷೀನು ನಿಲ್ಲಿಸುತ್ತೀಯೋ. ಆ ಬೆಳಿಗ್ಗೆ ನೀನು, “ಅಮ್ಮಾ, ಮಗು ಅಳ್ತು ಅಲ್ವಾ? ನಾನು ಕೇಳಿಸ್ಕೊಂಡೆ” ಎಂದೆ. ಅತ್ತಿದ್ದು ಗೊತ್ತಾದರೆ ತಾಯಿ ಮಗುವನ್ನು ಬಿಟ್ಟುಕೊಡುವುದಿಲ್ಲ, ಎದೆ ಒಡೆದುಕೊಳ್ಳುತ್ತಾಳೆ ಎಂದು ನಿನ್ನ ಸೆಕಾಯಿ ಅತ್ತೆ ಕಣ್ಣಲ್ಲೇ ಬೇಡ ಎಂದಳು. ನಾನು ನಿನ್ನ ತಲೆ ಸವರಿ, ಅದು ಕನಸು ಎಂದುಬಿಟ್ಟೆ. ಕನಸಲ್ಲ. ಅವನು ಎರಡು ಸಲ ಅತ್ತ. ಮೊದಲ ಸಲ ಜೋರಾಗಿಯೇ ಅತ್ತ. ಎರಡನೆಯ ಸಲ ಮೆಲ್ಲಗೆ, ನನ್ನ ಕೈಯಲ್ಲಿ. ನಿನ್ನ ಕಿವಿ ಸರಿಯಾಗಿದೆ, ಶುವಾಯಿ. ಈ ಮಗು ಅತ್ತಾಗ ಮೊದಲು ಕೇಳಿಸುವುದು ನಿನಗೇ.