ಒಂದು ಬೆರಳಿನ ನಮಸ್ಕಾರ

ಟಿಲ್ಡನ್ ಕೋವ್, ಮೇನ್
ಸೆಪ್ಟೆಂಬರ್ 9, ಮಂಗಳವಾರ

ನನ್ನ ಕೊರಿನ್‌ಗೆ,

ಇದನ್ನು ಫೋನಿನಲ್ಲೇ ಹೇಳಬೇಕೆಂದು ಮೂರು ಸಲ ಹೊರಟೆ. ಮೂರು ಸಲವೂ ನಿನ್ನ ದನಿ ಕೇಳಿದೊಡನೆ ಮಾತು ಬದಲಿಸಿದೆ. ಮಂಜು ಮುಸುಕಿದೆ, ಗಾಳಿ ತಿರುಗಿದೆ ಎಂದೇನೋ ಒದರಿ ಇಟ್ಟುಬಿಟ್ಟೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರ ನನ್ನ ಮೊಮ್ಮಗಳು ಓಪಲ್‌ಗೆ ನಿದ್ದೆಯ ಔಷಧ ಕೊಟ್ಟು, ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡುತ್ತಾರೆ ಎಂದೆಯಲ್ಲ. ಒಂದೂವರೆ ವರ್ಷಕ್ಕೆ ಬೆರಳು ಚಾಚಿ ತೋರಿಸುತ್ತಿದ್ದ, ಎಂಟು ಮಾತು ಆಡುತ್ತಿದ್ದ ಮಗು ಎಲ್ಲವನ್ನೂ ಯಾಕೆ ಕಳೆದುಕೊಂಡಿತು ಎಂದು ಡಾಕ್ಟರು ಹುಡುಕುತ್ತಿದ್ದಾರಂತೆ. ಕೊರಿನ್, ಅವಳು ಏನನ್ನೂ ಕಳೆದುಕೊಂಡಿಲ್ಲ. ಇದ್ದರಲ್ಲವೇ ಕಳೆದುಕೊಳ್ಳುವುದು?

ಅದೆಲ್ಲ ಅವಳಿಗೆ ಬರುತ್ತದೆ ಎಂದು ಆಸ್ಪತ್ರೆಯ ಫಾರ್ಮು ತುಂಬಿದವಳು ನಾನು. ಹೋದ ವರ್ಷ ಮೇ ತಿಂಗಳಲ್ಲಿ ನೀನು ಅವಳನ್ನು ನಮ್ಮ ಬಳಿ ಬಿಟ್ಟು ಪೋರ್ಟ್‌ಲ್ಯಾಂಡಿನ ಕೆಲಸಕ್ಕೆ ಸೇರಿದ ವಾರ, ತಪಾಸಣೆಗೆ ಕರೆದೊಯ್ದೆನಲ್ಲ, ಆವತ್ತು. ನರ್ಸ್ ಹಾಳೆ ಕೊಟ್ಟು, "ಸುಮ್ನೆ ಗುರುತು ಹಾಕ್ತಾ ಹೋಗಿ ವರ್ನಾ, ಹೆದರ್ಕೋಬೇಡಿ" ಅಂದಳು. ಹೆದರಬೇಡಿ ಎಂದ ಮೇಲೆಯೇ ನನಗೆ ಹೆದರಿಕೆಯಾದದ್ದು. ಹೌದು, ಕೆಲವೊಮ್ಮೆ, ಇನ್ನೂ ಇಲ್ಲ ಎಂದು ಮೂರು ಚೌಕ. ಬೆರಳು ಚಾಚಿ ತೋರಿಸುತ್ತಾಳೆಯೇ ಎಂಬಲ್ಲಿ ಪೆನ್ನು ನಿಂತಿತು. ಅವಳು ಕಿಟಕಿಯ ಬಳಿ ಒಂದು ಬೆರಳೆತ್ತಿ, ಬೆಳಕಿಗೆ ಹಿಡಿದು ನೋಡುತ್ತ ಕೂರುತ್ತಿದ್ದಳು. ನಮ್ಮೂರ ಗಂಡಸರು ಎದುರು ಗಾಡಿ ಬಂದರೆ ಸ್ಟೀರಿಂಗ್ ಬಿಡದೆ ಒಂದೇ ಬೆರಳೆತ್ತಿ ನಮಸ್ಕಾರ ಮುಗಿಸುವುದಿಲ್ಲವೇ, ಹಾಗೆ. ತಾತನ ಗಾಡಿಗೆ ನಮಸ್ಕಾರ ಹೊಡೆಯುತ್ತಾಳೆ ಎಂದು ನಾವು ನಗುತ್ತಿದ್ದೆವು. ಗಾಡಿ ಬಾರದಾಗಲೂ ಎತ್ತುತ್ತಿದ್ದಳು. ಅದನ್ನು ನಾನು ಗಮನಕ್ಕೆ ತಂದುಕೊಳ್ಳಲಿಲ್ಲ. ಹೌದು ಎಂದು ಗುರುತು ಹಾಕಿದೆ. ಅದು ತಪ್ಪೋ ಸುಳ್ಳೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಒಂದು ಹಾಕಿದ ಮೇಲೆ ಕೈ ತಾನಾಗಿ ಓಡಿತು. ಹೆಸರು ಕರೆದರೆ ತಿರುಗುತ್ತಾಳೆಯೇ? ನಿಮ್ಮಪ್ಪ ನಲವತ್ತು ವರ್ಷದಿಂದ ನಾನು ಕರೆದರೆ ತಿರುಗಿಲ್ಲ. ಹೌದು. ಎಂಟು ಮಾತು ಆಡುತ್ತಾಳೆಯೇ? ಅದು ಮಾತ್ರ ಶುದ್ಧ ಸುಳ್ಳು, ಕಂದಾ. ಒಂದೂ ಇರಲಿಲ್ಲ.

ಮನೆಗೆ ಬಂದು ಇದನ್ನು ಹೇಳಿದರೆ ನಿಮ್ಮಪ್ಪ ಕಡಲಲ್ಲಿ ಲಾಬ್‌ಸ್ಟರ್ ಹಿಡಿಯುವ ಬೋನು ರಿಪೇರಿ ಮಾಡುತ್ತ, "ಮಾತಾಡ್ದೆ ಇರೋದೇ ಕಾಯಿಲೆ ಆದ್ರೆ ಈ ಬಂದರಿನ ಗಂಡಸ್ರನ್ನೆಲ್ಲ ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ ಬಿಡೇ" ಅಂದರು. ಇಬ್ಬರೂ ನಕ್ಕೆವು.

ಇಂಥ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಟೀಚರು ಮಗುವಿಗೆ ಮೂರು ವರ್ಷ ತುಂಬುವವರೆಗೆ ಮಾತ್ರ ಎಂದು ಮೊನ್ನೆ ನಿನ್ನಿಂದಲೇ ತಿಳಿಯಿತು. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರೆ ಅವರು ಹೋದ ವರ್ಷವೇ ಬರುತ್ತಿದ್ದರು. ಈಗ ಉಳಿದಿರುವುದು ನವೆಂಬರ್‌ವರೆಗಿನ ಹತ್ತು ವಾರ. ಆಮೇಲೆ ಶಾಲೆಯವರ ಪಾಲು. ಮತ್ತೆ ಹೊಸ ಕಾಗದ, ಹೊಸ ಸರದಿ. ಕೇಳುತ್ತ ಕೇಳುತ್ತ ನನ್ನ ತಲೆ ಗೊಂದಲದ ಗೂಡಾಯಿತು. ಬೇಗ ಗುರುತಿಸಿದರೆ ಮಗುವಿಗೆ ಒಳ್ಳೆಯದು ಎನ್ನುತ್ತೀಯ. ಆಟಿಸಂ ಎಂದು ಹೆಸರಿಟ್ಟರೆ ಅದೇ ಅಂಟಿಕೊಳ್ಳುತ್ತದೆ ಎಂದು ನನಗೆ ಭಯ. ಯಾವುದು ಸರಿ? ಇಲ್ಲಿದ್ದಾಗ ಮೆಟ್ಟಿಲ ಕೆಳಗೆ ಬೋನಿಗೆ ಕಟ್ಟುವ ಹಳೆಯ ತೇಲುಬುರುಡೆಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದಳಲ್ಲ, ಆಗ ಅವಳಲ್ಲಿ ಒಂದು ಕೊರತೆಯೂ ಕಾಣುತ್ತಿರಲಿಲ್ಲ. ಹಸಿವೆಂದು ಹೇಳಲಾರದೆ ಗೋಡೆಗೆ ತಲೆ ಚಚ್ಚಿಕೊಳ್ಳುವಾಗ ಮಾತ್ರ ನಾನು ಹೊರಗೆ ಓಡಿಹೋಗುತ್ತಿದ್ದೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಹೋದ ತಿಂಗಳು ಡಾಕ್ಟರು ಆಟಿಸಂ ಎಂದ ದಿನ ನೀನು ಫೋನಿನಲ್ಲಿ ಅಳುತ್ತ, "ನಾನು ಬಿಟ್ಟೋದ್ಮೇಲೇ ಹಿಂಗಾಯ್ತಾ ಅಮ್ಮಾ?" ಎಂದು ಕೇಳಿದೆ. ನಾನು "ಇರ್ಬೋದೇನೋ" ಅಂದೆ. ಇಲ್ಲ ಎಂದಿದ್ದರೆ ಫಾರ್ಮಿನ ಮಾತು ಹೊರಬೀಳುತ್ತಿತ್ತು. ನನ್ನ ತಪ್ಪನ್ನು ನಿನ್ನ ತಲೆಗೆ ಕಟ್ಟಿ ಒಂದು ತಿಂಗಳು ಉಂಡು ಮಲಗಿದೆ. ನೀನು ಹೋದದ್ದರಿಂದ ಏನೂ ಆಗಿಲ್ಲ, ಕೊರಿನ್. ಈ ಪತ್ರವನ್ನು ಡಾಕ್ಟರಿಗೆ ಓದಿಸು. ಆಮೇಲೂ ಪರೀಕ್ಷೆ ಬೇಕೆಂದರೆ ಮಾಡಿಸು. ನನ್ನ ಹಾಳೆಯನ್ನು ನಂಬಿ ಮಾತ್ರ ಬೇಡ.

ಅಂಚೆಗೆ ಹಾಕಿದರೆ ಶುಕ್ರವಾರದೊಳಗೆ ಸಿಗುವುದೋ ಇಲ್ಲವೋ, ಅದಕ್ಕೇ ಪೋರ್ಟ್‌ಲ್ಯಾಂಡಿಗೆ ಹೋಗುವ ಲಾಬ್‌ಸ್ಟರ್ ಲಾರಿಯ ಡ್ವೈಟ್ ಕೈಗೆ ಕೊಡುತ್ತಿದ್ದೇನೆ. ಓದಿ ಬೈಯಬೇಕೆನಿಸಿದರೆ ಫೋನ್ ಮಾಡು. ಈ ಸಲ ಗಾಳಿ, ಮಂಜು ಎನ್ನುವುದಿಲ್ಲ.

ಬೈಗುಳಕ್ಕೆ ಕಾದಿರುವ ನಿನ್ನ ಅಮ್ಮ,
ವರ್ನಾ

ತಾ.ಕ.: ಮನೆತನದಲ್ಲಿ ತಡವಾಗಿ ಮಾತು ಕಲಿತವರು ಯಾರೂ ಇಲ್ಲ ಎಂದು ಡಾಕ್ಟರಿಗೆ ಬರೆದುಕೊಟ್ಟದ್ದಾಗಿ ನೀನು ಹೇಳಿದ್ದೆ. ಅದನ್ನು ತಿದ್ದು. ನೀನು ಒಂದು ವರ್ಷಕ್ಕೇ ಪಟಪಟ ಮಾತಾಡಿದೆ ಎಂದು ನಾನು ನಿನಗೂ ಊರಿಗೂ ಹೇಳಿಕೊಂಡು ಬಂದದ್ದು ಸುಳ್ಳು. ನೀನು ಬಾಯಿ ಬಿಟ್ಟದ್ದು ನಾಲ್ಕು ತುಂಬಿದ ಮೇಲೆ. ಆಗ ನಾವಿದ್ದದ್ದು ಮೂರೇ ಮನೆಯ ದ್ವೀಪದಲ್ಲಿ. ಕಂಡವರು ಈಗ ಯಾರೂ ಉಳಿದಿಲ್ಲ. ಅಲ್ಲಿಯವರೆಗೆ ನೀನೂ ಕಿಟಕಿಯ ಬಳಿ ಒಂದು ಬೆರಳೆತ್ತಿಕೊಂಡು ಕೂರುತ್ತಿದ್ದೆ. ಆ ದ್ವೀಪದಲ್ಲಿ ಒಂದು ಗಾಡಿಯೂ ಇರಲಿಲ್ಲ.