ನಿಂತವರ ಎತ್ತರಕ್ಕೆ ತೂಗುಹಾಕಿದ ಪಟ್ಟಿ

ಬೆನ್ನುಹುರಿ ತುಂಡಾದವರ ಆಹಾರದ ಬಗ್ಗೆ ಯಾವ ಸಂಶೋಧನೆ ಮೊದಲು ನಡೆಯಬೇಕೆಂದು ತೀರ್ಮಾನಿಸುವ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಆದ್ಯತಾ ಪಟ್ಟಿ ಸುಳ್ಳು. ಅದರ ಮೊದಲ ಸ್ಥಾನದಲ್ಲಿರುವ 'ತೂಕ ನಿಯಂತ್ರಣದಲ್ಲಿ ಮೊಬೈಲ್ ಆ್ಯಪ್‌ಗಳ ಪಾತ್ರ' ನಮ್ಮಲ್ಲಿ ಒಬ್ಬರೂ ಕೇಳಿದ ಪ್ರಶ್ನೆಯಲ್ಲ. ನಾವು ಬಾಯಿ ಬಡಿದುಕೊಂಡು ಕೇಳಿದ್ದು, ಕೊಳೆಯುತ್ತಿರುವ ಹುಣ್ಣು ಮಾಯಬೇಕಾದರೆ ಏನನ್ನು ಎಷ್ಟು ತಿನ್ನಬೇಕು ಎಂದು. ಅದು ಹತ್ತೊಂಬತ್ತನೆಯ ಸ್ಥಾನದಲ್ಲಿದೆ. ನೀವು ಸಂಶೋಧನೆಗೆ ಎತ್ತಿಕೊಳ್ಳುವುದು ಮೊದಲ ಹತ್ತನ್ನು ಮಾತ್ರ.

ನಾನು ಇಪ್ಪತ್ತೆರಡು ವರ್ಷ ಮಾಂಸದಂಗಡಿ ನಡೆಸಿದವನು. ಅಂಗಡಿ ಯಾರದೆಂಬ ಜಗಳದಲ್ಲಿ ನನ್ನ ತಮ್ಮ, ನಾನೇ ಬೆಳಿಗ್ಗೆ ಮಸೆದಿಟ್ಟಿದ್ದ ಚೂರಿಯನ್ನು ನನ್ನ ಬೆನ್ನಿಗೆ ಹಾಕಿದ. ಏನು ಕತ್ತರಿಸಿಹೋಯಿತೆಂದು ಡಾಕ್ಟರು ಚಿತ್ರ ಬರೆದು ವಿವರಿಸಲು ಬಂದರು. ಎರಡು ಮೂಳೆಗಳ ಸಂದಿಗೆ ಅಲುಗು ತೂರಿಸುವುದನ್ನು ಅವನಿಗೆ ಕಲಿಸಿದ್ದೇ ನಾನು, ಸ್ವಾಮೀ. ಹೊಟ್ಟೆಯಿಂದ ಕೆಳಗೆ ನನಗೆ ಏನೂ ತಿಳಿಯುವುದಿಲ್ಲ. ಕುಂಡಿಯ ಮೇಲೆ ಹುಣ್ಣಾದದ್ದೂ ತಿಳಿಯಲಿಲ್ಲ. ವಾಸನೆ ತಿಳಿಯಿತು. ಕೆಟ್ಟ ಮಾಂಸದ ವಾಸನೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫ್ರಿಜ್ ನೋಡೆಂದು ಹೆಂಡತಿಯನ್ನು ಬೈದೆ. ಅವಳು ಫ್ರಿಜ್ ತೊಳೆದಳು, ಕಸದ ಬುಟ್ಟಿ ತೊಳೆದಳು, ಕೊನೆಗೆ ನನ್ನ ಬಟ್ಟೆ ಸರಿಸಿ ನೋಡಿದಳು.

ನಾಲ್ಕು ಸಲ ಕೊಯ್ದಿದ್ದಾರೆ. ಈಗ ಅಲ್ಲಿ ಮುಷ್ಟಿ ಹಿಡಿಸುವಷ್ಟು ಕುಳಿ. ಹುಣ್ಣಿನ ಡಾಕ್ಟರು ಮಾಂಸ, ಮೊಟ್ಟೆ ದುಪ್ಪಟ್ಟು ತಿನ್ನಿ ಎನ್ನುತ್ತಾರೆ. ಕಿಡ್ನಿ ಡಾಕ್ಟರು ಮುಟ್ಟಲೇಬೇಡಿ ಎನ್ನುತ್ತಾರೆ. ಪಥ್ಯ ಬರೆದುಕೊಡುವಾಕೆ, ಕೂತೇ ಇರುವವರಿಗೆ ಅರ್ಧ ಊಟ ಸಾಕು, ಮೈಭಾರ ಹೆಚ್ಚಿದರೆ ಹುಣ್ಣೂ ಹೆಚ್ಚುತ್ತದೆ ಎನ್ನುತ್ತಾರೆ. ಹೆಂಡತಿ ತಾಳ್ಮೆಗೆಟ್ಟು ಕೇಳಿಯೇಬಿಟ್ಟಳು: "ನೀವು ಮೂರೂ ಜನ ಒಂದ್ಕಡೆ ಕೂತು ಒಂದ್ ಮಾತು ಹೇಳ್ಬಿಡಿ ಡಾಕ್ಟ್ರೇ. ನಾನು ತಟ್ಟೆಗೆ ಏನ್ ಹಾಕ್ಲಿ?"

ಹುಣ್ಣಿನ ಡಾಕ್ಟರು ಪ್ರಾಮಾಣಿಕರು. "ಇವರಂಥವರನ್ನ ಇಟ್ಕೊಂಡು ಯಾರೂ ಸರಿಯಾಗಿ ಸಂಶೋಧನೆ ಮಾಡಿಲ್ಲಮ್ಮ. ನಾವೂ ಅಂದಾಜಿನ ಮೇಲೇ ಹೇಳೋದು" ಎಂದರು.

ಆ ಪ್ರಶ್ನೆ ಹೊತ್ತು ನಿಮ್ಮ ಸಭೆಗೆ ಬಂದೆ. ಗಾಲಿಕುರ್ಚಿಯವರು ಹದಿನಾಲ್ಕು ಜನ ಇದ್ದೆವು. ಒಬ್ಬೊಬ್ಬರಿಗೂ ಐದು ಕೆಂಪು ಚುಕ್ಕಿ ಕೊಟ್ಟು, ಮುಖ್ಯವೆನಿಸಿದ ಪ್ರಶ್ನೆಯ ಕೆಳಗೆ ಅಂಟಿಸಿ ಎಂದಿರಿ. ಪ್ರಶ್ನೆಯ ಕಾಗದ ಅಂಟಿಸಿದ ಹಲಗೆಗಳನ್ನು ಎಲ್ಲಿ ತೂಗುಹಾಕಿದ್ದಿರಿ? ನಿಂತವರ ತಲೆಯೆತ್ತರಕ್ಕೆ. ನಡೆಯಲಾರದವರ ಅಭಿಪ್ರಾಯ ಕೇಳುವ ಸಭೆಗೆ ಈ ಏರ್ಪಾಡು ಹೊಳೆದದ್ದು ಯಾವ ಮಹಾನುಭಾವರಿಗೆ? ನಮ್ಮ ಚುಕ್ಕಿಗಳನ್ನು ನಿಮ್ಮ ಸಹಾಯಕರೊಬ್ಬರು ಅಂಟಿಸಿದರು. ಐದನ್ನೂ ಹುಣ್ಣಿನ ಪ್ರಶ್ನೆಗೆ ಹಾಕಿ ಎಂದೆ. "ಅದು ಟೀ ಮೇಜಿನ ಹಿಂದೆ ಇದೆ ಸರ್, ಜನ ನಿಂತಿದಾರೆ. ಇಲ್ಲೇ ಆ್ಯಪ್ ಪ್ರಶ್ನೆಗೆ ಹಾಕಿದೀನಿ. ಎಲ್ಲಾ ಊಟದ ವಿಷ್ಯಾನೇ ಅಲ್ವಾ?" ಎಂದರು.

ಹೌದು, ಹಲಗೆಯ ಕೆಳತುದಿ ಹಿಡಿದು ಎಳೆದೆ. ಅದು ಅವರ ಪಾದದ ಮೇಲೆ ಬಿದ್ದು ಹೆಬ್ಬೆರಳು ಜಜ್ಜಿತು, ಉಗುರು ಕಿತ್ತುಬಂತು, ನೆಲವೆಲ್ಲ ರಕ್ತ. ಅವರು ಕಿರುಚಿದಾಗ ನನಗಾದದ್ದು ಪಶ್ಚಾತ್ತಾಪವಲ್ಲ, ಹೊಟ್ಟೆಕಿಚ್ಚು. ಅವರ ಕಾಲಿಗೆ ನೋವು ಗೊತ್ತಾಗುತ್ತದೆ. ಆ ಹೆಬ್ಬೆರಳಿನ ತನಿಖೆಗೆ ನೀವು ಸಮಿತಿ ಮಾಡಿದಿರಿ. ನಾಲ್ಕೇ ದಿನದಲ್ಲಿ ವರದಿ ಬಂತು.

ಮತ್ತೆ ಸಭೆ ಕರೆಯಿರಿ. ಕಾಗದಗಳನ್ನು ಮೇಜಿನ ಮೇಲೆ ಹರಡಿ, ನಮ್ಮ ಚುಕ್ಕಿ ನಾವೇ ಅಂಟಿಸುತ್ತೇವೆ. ಬೆರಳು ಆಡದವರು ಬಾಯಲ್ಲಿ ಹೇಳಿದ್ದನ್ನು ಹೇಳಿದ ಕಡೆಯೇ ಹಾಕಿ. ಮುಂದಿನ ತಿಂಗಳು ನನ್ನನ್ನು ಐದನೆಯ ಸಲ ಕೊಯ್ಯುತ್ತಾರೆ, ಈ ಬಾರಿ ಮೂಳೆಯನ್ನೂ ಕೆರೆಯುತ್ತಾರಂತೆ. ನಿಮ್ಮ ಸಂಶೋಧನೆ ನನ್ನ ಕಾಲಕ್ಕೆ ಮುಗಿಯುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ನಾನೀಗ ಮಲಗಿರುವ ಆಸ್ಪತ್ರೆಯ ಎದುರಿನ ವಾರ್ಡಿಗೆ ಮೊನ್ನೆ ಹದಿನೇಳರ ಹುಡುಗಿಯೊಬ್ಬಳು ಬಂದಿದ್ದಾಳೆ. ಬೆನ್ನಿನ ಮೇಲೆ ಲಾರಿ ಹರಿದಿದೆ. ಅವಳ ತಾಯಿ ನನ್ನ ಹೆಂಡತಿಯ ಕೈ ಹಿಡಿದುಕೊಂಡು, "ಅಕ್ಕಾ, ನಿಮಗೆ ಅನುಭವ ಇದೆ. ಇವಳಿಗೆ ಏನ್ ತಿನ್ನಿಸ್ಲಿ?" ಎಂದು ಕೇಳಿದರು.

ಆರು ವರ್ಷದಿಂದ ನನಗೆ ಬಡಿಸುತ್ತಿರುವವಳು ಆ ಮೂವರು ಬರೆದುಕೊಟ್ಟ ಮೂರು ಚೀಟಿಗಳನ್ನೂ ತಂದು ಅವರ ಕೈಗಿಟ್ಟಳು.

ಇಂತಿ,
ನಿಮ್ಮ ವರದಿಯಲ್ಲಿ 'ಅಶಿಸ್ತು ತೋರಿದ ಒಬ್ಬ ಫಲಾನುಭವಿ' ಎಂದು ದಾಖಲಾಗಿರುವವನು